ಎರಡು ಎಕರೆ ಮಾರಿ ಸ್ಟೆಮ್ ಸೆಲ್ ಹಾಕಿಸಬೇಕೇ?

ಪ್ರಶ್ನೆ: ನಾವು ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರದ ಹಳ್ಳಿಯವರು. ತಂದೆಗೆ 54 ವರ್ಷ, ತೂಕ 58 ಕಿಲೊ. ಇಪ್ಪತ್ತು ವರ್ಷ ಕುಡಿದಿದ್ದಾರೆ. ಐದು ತಿಂಗಳ ಹಿಂದೆ ರಕ್ತವಾಂತಿಯಾಗಿ ಬಳ್ಳಾರಿಗೆ ಒಯ್ದೆವು. ಎಂಡೋಸ್ಕೋಪಿ ಮಾಡಿ ಅನ್ನನಾಳದ ಉಬ್ಬಿದ ನಾಳಕ್ಕೆ ಬ್ಯಾಂಡ್ ಹಾಕಿದರು, ಲಿವರ್ ನಾರುಗಟ್ಟಿ ಗಟ್ಟಿಯಾಗುವ ಸಿರೋಸಿಸ್ ಎಂದರು. ಹೊಟ್ಟೆಯಲ್ಲಿ ತುಂಬಿದ ನೀರನ್ನು ಎರಡು ಸಲ ತೆಗೆಸಿದೆವು. ಆ ದಿನದಿಂದ ಅವರು ಒಂದು ಹನಿಯನ್ನೂ ಮುಟ್ಟಿಲ್ಲ. ಮುಂದೆ ಲಿವರ್ ಕಸಿ ಬೇಕಾಗಬಹುದು, ಖಾಸಗಿಯಲ್ಲಿ 20 ಲಕ್ಷದ ಮೇಲಾಗುತ್ತದೆ ಎಂದಿದ್ದಾರೆ. ಈಗ ಬೇರೆ ರಾಜ್ಯದ ಕ್ಲಿನಿಕ್ ಒಂದರ ಏಜೆಂಟ್ ಮನೆಗೆ ಬಂದಿದ್ದರು. ಹೊಕ್ಕುಳಬಳ್ಳಿಯ ಸ್ಟೆಮ್ ಸೆಲ್ ಮೂರು ಸಲ ಏರಿಸಿದರೆ ಹೊಸ ಲಿವರ್ ಬೆಳೆಯುತ್ತದೆ, ಪ್ರತಿ ಸಲ ಹತ್ತು ಕೋಟಿ ಜೀವಂತ ಕೋಶ, ಒಟ್ಟು ಆರೂವರೆ ಲಕ್ಷ ಎನ್ನುತ್ತಾರೆ. ಗುಣವಾದವರ ವಿಡಿಯೊ ತೋರಿಸಿದರು. ನಮಗಿರುವುದು ನಾಲ್ಕು ಎಕರೆ ಗದ್ದೆ. ಎರಡು ಎಕರೆ ಮಾರಲು ಮಾತಾಗಿದೆ, ತಿಂಗಳ ಕೊನೆಗೆ ನೋಂದಣಿ. ಊರಿನಲ್ಲಿ ಒಬ್ಬರು ಬೇರಿನ ಔಷಧವನ್ನೂ ಕೊಡುತ್ತಿದ್ದಾರೆ. ನನ್ನ ಲಿವರಿನ ಭಾಗ ಕೊಡಲು ನಾನು ಸಿದ್ಧ. ತಾಯಿ, ‘ಗಂಡನ ಜೊತೆ ಮಗನನ್ನೂ ಕಳೆದುಕೊಳ್ಳಲಾರೆ’ ಎಂದು ಅಳುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಜೊತೆ ಬಂದ ಹದಿನಾಲ್ಕು ಫೋಟೊಗಳನ್ನು ಎರಡು ಸಲ ನೋಡಿದೆ. ಮೊದಲು ನೇರ ಮಾತು ಹೇಳುತ್ತೇನೆ: ಗದ್ದೆಯ ನೋಂದಣಿ ನಿಲ್ಲಿಸಿ. ಆ ಕ್ಲಿನಿಕ್ಕಿಗೆ ಮುಂಗಡವೆಂದು ಒಂದು ರೂಪಾಯಿಯನ್ನೂ ಕೊಡಬೇಡಿ.

ಸ್ಟೆಮ್ ಸೆಲ್ ಎಂದರೆ ಬರೀ ಮೋಸ ಎಂದು ತಿಳಿದು ನಾನು ಹೀಗೆ ಹೇಳುತ್ತಿಲ್ಲ. ಲಿವರ್ ರೋಗ ಮತ್ತು ಸ್ಟೆಮ್ ಸೆಲ್, ಇವೆರಡೇ ಹದಿನೈದು ವರ್ಷಗಳಿಂದ ನನ್ನ ಕೆಲಸ. ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶವೇ ಸ್ಟೆಮ್ ಸೆಲ್. ಕನ್ನಡದಲ್ಲಿ ಲಿವರಿಗೆ ಯಕೃತ್ತು, ಪಿತ್ತಜನಕಾಂಗ, ಸ್ಟೆಮ್ ಸೆಲ್ಲಿಗೆ ಆಕರಕೋಶ ಎಂಬ ಪದಗಳಿವೆ. ನೀವು ಲಿವರ್, ಸ್ಟೆಮ್ ಸೆಲ್ ಎಂದೇ ಬರೆದಿದ್ದೀರಿ, ನಾನೂ ಹಾಗೆಯೇ ಬರೆಯುತ್ತೇನೆ. ನಾನು ಹುಟ್ಟಿದ್ದು ಸಿಂಧನೂರಿನ ಕಡೆ. ಎರಡು ಎಕರೆ ನೀರಾವರಿ ಗದ್ದೆ ಕೈಬಿಟ್ಟರೆ ಆ ಮನೆ ಮತ್ತೆ ಎದ್ದು ನಿಲ್ಲುವುದು ಎಷ್ಟು ಕಷ್ಟ ಎಂಬುದನ್ನು ಕಣ್ಣಾರೆ ಕಂಡವನು.

ನಿಮ್ಮ ಫೋಟೊಗಳಲ್ಲಿ ಎರಡು ರಕ್ತಪರೀಕ್ಷೆಯ ವರದಿಗಳಿವೆ. ಅವುಗಳನ್ನು ಯಾರೂ ಪಕ್ಕಪಕ್ಕ ಇಟ್ಟು ನಿಮಗೆ ತೋರಿಸಿದಂತೆ ಕಾಣುವುದಿಲ್ಲ. ಬಳ್ಳಾರಿಯಲ್ಲಿ ದಾಖಲಾದ ದಿನದ್ದರಲ್ಲಿ ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ 5.6, ರಕ್ತ ಹೆಪ್ಪುಗಟ್ಟುವ ವೇಗವನ್ನು ತೋರಿಸುವ ಐಎನ್‌ಆರ್ 2.1, ಕಿಡ್ನಿಯ ಕ್ರಿಯಾಟಿನಿನ್ 0.9. ಕಳೆದ ವಾರ ಗಂಗಾವತಿಯಲ್ಲಿ ಮಾಡಿಸಿದ್ದರಲ್ಲಿ ಬಿಲಿರುಬಿನ್ 2.8, ಐಎನ್‌ಆರ್ 1.7, ಕ್ರಿಯಾಟಿನಿನ್ ಮೊದಲಿನಷ್ಟೇ. ಈ ಮೂರನ್ನೂ ಸೇರಿಸಿ ಲಿವರ್ ವೈದ್ಯರು ಮೆಲ್ಡ್ ಎಂಬ ಅಂಕ ಲೆಕ್ಕ ಹಾಕುತ್ತಾರೆ. 6ರಿಂದ 40ರವರೆಗಿನ ಅಳತೆ ಅದು; ಏರಿದಷ್ಟೂ ಅಪಾಯ. ನಿಮ್ಮ ತಂದೆಯ ಅಂಕ ಐದು ತಿಂಗಳ ಹಿಂದೆ 21 ಇತ್ತು. ಈಗ 16.

ಈ ಐದು ಅಂಕಗಳು ಇಳಿದದ್ದು ಯಾವ ಇಂಜೆಕ್ಷನ್ನಿನಿಂದಲೂ ಅಲ್ಲ. ಅವರು ಕುಡಿತ ಬಿಟ್ಟರು, ಬಳ್ಳಾರಿಯ ವೈದ್ಯರು ಕೊಟ್ಟ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನುಂಗಿದರು, ಲಿವರ್ ತನ್ನಿಂದಾದಷ್ಟು ಚೇತರಿಸಿಕೊಂಡಿತು. 16 ಎಂದರೆ ಅಪಾಯ ಕಳೆಯಿತು ಎಂದಲ್ಲ. 15 ದಾಟಿದವರನ್ನು ಕಸಿ ತಜ್ಞರು ಒಮ್ಮೆ ನೋಡಬೇಕು ಎಂಬುದು ರೂಢಿ. ಆದರೆ ದಾರಿ ಇಳಿಮುಖವಾಗಿದೆ, ಇನ್ನೂ ಇಳಿಯಬಹುದು. ಈ ಮಾತನ್ನು ಇಲ್ಲೇ ನೆನಪಿಡಿ, ಆ ವಿಡಿಯೊಗಳ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

‘ಹೊಸ ಲಿವರ್ ಬೆಳೆಯುತ್ತದೆ’ ಎಂಬ ಮಾತಿನಲ್ಲಿ ಅರ್ಧ ನಿಜವಿದೆ, ಅದಕ್ಕೇ ಅದು ಜನರ ಮನಸ್ಸಿಗೆ ಬೇಗ ಹತ್ತುತ್ತದೆ. ನಮ್ಮ ದೇಹದಲ್ಲಿ ಲಿವರಿನಷ್ಟು ಚೆನ್ನಾಗಿ ಮತ್ತೆ ಬೆಳೆಯುವ ಅಂಗ ಇನ್ನೊಂದಿಲ್ಲ. ಆರೋಗ್ಯವಂತನ ಲಿವರಿನ ಮೂರನೇ ಎರಡು ಭಾಗವನ್ನು ಕತ್ತರಿಸಿ ತೆಗೆದರೂ ಉಳಿದ ಭಾಗ ಕೆಲವೇ ವಾರಗಳಲ್ಲಿ ಹಿಂದಿನ ಗಾತ್ರದ ಹತ್ತಿರಕ್ಕೆ ಬೆಳೆಯುತ್ತದೆ. ಇದನ್ನು ಮಾಡುವುದು ಬಹುಮಟ್ಟಿಗೆ ಲಿವರಿನ ಸ್ವಂತ ಕೋಶಗಳೇ. ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತವೆ. ಹೊರಗಿನಿಂದ ಸ್ಟೆಮ್ ಸೆಲ್ ಬಂದು ಬೆಳೆಸಿಕೊಡುವುದಲ್ಲ.

ಹಾಗಾದರೆ ಸಿರೋಸಿಸ್ ಆದ ಲಿವರ್ ಏಕೆ ಬೆಳೆಯುವುದಿಲ್ಲ? ನಿಮ್ಮ ಕಡೆಯ ಮಾತಿನಲ್ಲೇ ಹೇಳುತ್ತೇನೆ. ತುಂಗಭದ್ರಾ ಕಾಲುವೆಯ ಕೆಳಭಾಗದಲ್ಲಿ ಸವಳು ಜವಳಾದ ಗದ್ದೆಗಳನ್ನು ನೀವು ನೋಡಿರುತ್ತೀರಿ. ವರ್ಷಗಟ್ಟಲೆ ನೀರು ನಿಂತು, ಉಪ್ಪು ಮೇಲೆದ್ದು, ಬಿಸಿಲಿಗೆ ಬೆಳ್ಳಗೆ ಹರಳುಗಟ್ಟಿದ ನೆಲ. ಅಲ್ಲಿ ಎಷ್ಟೇ ಒಳ್ಳೆಯ ಸಸಿ ತಂದು ನಾಟಿ ಮಾಡಿದರೂ ಹದಿನೈದು ದಿನಕ್ಕೆ ಹಳದಿಯಾಗಿ ಸಾಯುತ್ತದೆ. ಕೆಟ್ಟಿರುವುದು ನೆಲ, ಸಸಿಯನ್ನು ಬದಲಿಸಿ ಫಲವಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರನ್ನು ಕೇಳಿದರೆ ಅವರು ಮೊದಲು ಹೇಳುವುದು ಬಸಿಗಾಲುವೆಯ ಮಾತನ್ನೇ, ಬೀಜದ ಮಾತನ್ನಲ್ಲ.

ಲಿವರಿನಲ್ಲೂ ಹಾಗೆಯೇ. ಹೆಂಡ, ವೈರಸ್ ಅಥವಾ ಕೊಬ್ಬಿನಿಂದ ಕೋಶಗಳಿಗೆ ಪ್ರತಿದಿನ ಪೆಟ್ಟು ಬೀಳುತ್ತಿದ್ದರೆ, ಅಲ್ಲಿ ಸುಮ್ಮನಿದ್ದ ನಕ್ಷತ್ರಾಕಾರದ ಕೋಶಗಳು ಎಚ್ಚೆತ್ತು ಗಾಯಕ್ಕೆ ತೇಪೆ ಹಾಕುವಂತೆ ನಾರು ನೇಯತೊಡಗುತ್ತವೆ. ಈ ಕೋಶಗಳನ್ನು ಜರ್ಮನಿಯ ವಿಜ್ಞಾನಿ ಕುಪ್ಫರ್ 1876ರಲ್ಲೇ ಗುರುತಿಸಿದ್ದರು. ನಾರಿನ ಮೂಲ ಇವೇ ಎಂದು ತಿಳಿಯಲು ಮತ್ತೆ ನೂರು ವರ್ಷ ಬೇಕಾಯಿತು. ಒಂದೆರಡು ತೇಪೆಯಾದರೆ ತೊಂದರೆಯಿಲ್ಲ. ಇಪ್ಪತ್ತು ವರ್ಷದ ತೇಪೆಗಳು ಸೇರಿ ಲಿವರ್ ಗಂಟುಗಂಟಾಗುತ್ತದೆ, ಗಟ್ಟಿಯಾಗುತ್ತದೆ. ಕರುಳಿನಿಂದ ಬರುವ ರಕ್ತಕ್ಕೆ ಒಳಗೆ ಹರಿಯಲು ಜಾಗವಿರುವುದಿಲ್ಲ. ಆ ಒತ್ತಡದಿಂದ ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದರೆ ರಕ್ತವಾಂತಿ; ಹೊಟ್ಟೆಯೊಳಗೆ ನೀರು ಒಸರಿದರೆ ಜಲೋದರ. ನಿಮ್ಮ ತಂದೆಗೆ ಎರಡೂ ಆಗಿವೆ. ಹೊಸ ಕೋಶ ಸುರಿದರೆ ಈ ನಾರು ಕರಗುತ್ತದೆಯೇ, ರಕ್ತದ ದಾರಿ ತೆರೆಯುತ್ತದೆಯೇ ಎಂಬುದು ನಿಜವಾದ ಪ್ರಶ್ನೆ. ಏಜೆಂಟರು ಅದನ್ನು ನಿಮ್ಮ ಮುಂದೆ ಎತ್ತಲೇ ಇಲ್ಲ.

ಈಗ ನನ್ನ ಪ್ರಯೋಗಾಲಯಕ್ಕೆ ಬನ್ನಿ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಅವರು ಇಲಿಯ ಚರ್ಮದ ಕೋಶಕ್ಕೆ ನಾಲ್ಕು ಜೀನ್‌ಗಳನ್ನು ಸೇರಿಸಿ ಅದನ್ನು ಭ್ರೂಣದ ಸ್ಥಿತಿಗೆ ಹಿಂದಿರುಗಿಸಿದರು, ಮರುವರ್ಷ ಮನುಷ್ಯರ ಕೋಶದಲ್ಲೂ ಅದನ್ನು ಮಾಡಿದರು, 2012ರಲ್ಲಿ ನೊಬೆಲ್ ಪಡೆದರು. ನಾವು ಬಳಸುವುದು ಅಂಥ ಕೋಶಗಳನ್ನು. ಅವಕ್ಕೆ ಪ್ರತಿದಿನ ದ್ರವ ಬದಲಿಸಿ, ಹಂತ ಹಂತವಾಗಿ ಬೇರೆ ಬೇರೆ ಪ್ರೋಟೀನುಗಳನ್ನು ಉಣಿಸಿ, ಸುಮಾರು ಮೂರು ವಾರ ಕಾಯುತ್ತೇವೆ. ಸೂಕ್ಷ್ಮದರ್ಶಕದ ಕೆಳಗೆ ಒಂದು ಬೆಳಿಗ್ಗೆ ಅವು ಜೇನುಹುಟ್ಟಿನ ಕಣ್ಣುಗಳಂತೆ ಬಹುಕೋನಗಳಾಗಿ ಒತ್ತೊತ್ತಾಗಿ ಕಾಣುತ್ತವೆ, ಕೆಲವಕ್ಕೆ ಲಿವರ್ ಕೋಶಕ್ಕಿರುವಂತೆಯೇ ಎರಡು ಕೇಂದ್ರಗಳು. ತಟ್ಟೆಯ ದ್ರವವನ್ನು ಪರೀಕ್ಷಿಸಿದರೆ ಲಿವರ್ ಮಾಡುವ ಅಲ್ಬುಮಿನ್ ಎಂಬ ಪ್ರೋಟೀನ್ ಸಿಗುತ್ತದೆ. ಮೊದಲ ಸಲ ಅದನ್ನು ಕಂಡ ದಿನ ನಾನು ಊಟ ಮರೆತು ಕುಳಿತಿದ್ದೆ. ಆದರೆ ಅದೇ ದ್ರವದಲ್ಲಿ ಆಲ್ಫಾ ಫೀಟೊಪ್ರೋಟೀನ್ ಕೂಡ ಸಿಗುತ್ತದೆ. ಅದು ಗರ್ಭದಲ್ಲಿರುವ ಮಗುವಿನ ಲಿವರ್ ಮಾಡುವ ಪ್ರೋಟೀನ್. ಎಂದರೆ ನಮ್ಮ ಕೋಶಗಳು ಇನ್ನೂ ಬಲಿತಿಲ್ಲ. ಔಷಧಗಳನ್ನು, ವಿಷಗಳನ್ನು ಒಡೆಯುವ ಶಕ್ತಿ ಅವಕ್ಕೆ ನಿಜವಾದ ಲಿವರ್ ಕೋಶಕ್ಕಿಂತ ಬಹಳ ಕಡಿಮೆ. 2013ರಲ್ಲಿ ತಕೆಬೆ ಎಂಬ ಇನ್ನೊಬ್ಬ ಜಪಾನಿ ವಿಜ್ಞಾನಿ ಇಂಥ ಕೋಶಗಳನ್ನು ಬೇರೆ ಎರಡು ಬಗೆಯ ಕೋಶಗಳ ಜೊತೆ ಬೆರೆಸಿ ಪುಟಾಣಿ ಲಿವರ್ ಮೊಗ್ಗುಗಳನ್ನು ಬೆಳೆಸಿ ಇಲಿಗಳಲ್ಲಿ ನೆಟ್ಟರು, ಅವುಗಳೊಳಗೆ ರಕ್ತ ಹರಿಯಿತು. ಅದ್ಭುತ ಕೆಲಸ. ಆದರೆ ಆ ಮೊಗ್ಗಿನ ಗಾತ್ರ ಕೆಲವೇ ಮಿಲಿಮೀಟರ್. ವಯಸ್ಕ ಮನುಷ್ಯನ ಲಿವರ್ ಒಂದೂಕಾಲರಿಂದ ಒಂದೂವರೆ ಕಿಲೊ ತೂಗುತ್ತದೆ.

ಏಜೆಂಟ್ ಹೇಳಿದ ಹೊಕ್ಕುಳಬಳ್ಳಿಯ ಕೋಶ ಇದೂ ಅಲ್ಲ, ಅದು ಬೇರೆಯೇ ಜಾತಿ. ಮೆಸೆಂಕೈಮಲ್ ಎಂದು ಕರೆಯುವ ಆ ಕೋಶಗಳು ದೇಹದೊಳಗೆ ಹೋಗಿ ಲಿವರ್ ಕೋಶಗಳಾಗಿ ಮಾರ್ಪಡುವುದಿಲ್ಲ ಎಂಬುದರಲ್ಲಿ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಈಗ ಅನುಮಾನ ಉಳಿದಿಲ್ಲ. ಅವು ಸ್ರವಿಸುವ ಕೆಲವು ವಸ್ತುಗಳು ಉರಿಯೂತವನ್ನು ತಗ್ಗಿಸಬಹುದು ಎಂಬ ನಿರೀಕ್ಷೆಯಿಂದ ಅವುಗಳನ್ನು ಪರೀಕ್ಷಿಸುತ್ತಿದ್ದಾರೆ, ಅಷ್ಟೇ. ತೋಳಿನ ನಾಳದಲ್ಲಿ ಬಿಟ್ಟರೆ ಹೆಚ್ಚಿನವು ಶ್ವಾಸಕೋಶದ ಸಣ್ಣ ನಾಳಗಳಲ್ಲೇ ಸಿಕ್ಕಿಕೊಳ್ಳುತ್ತವೆ. ಲೆಕ್ಕವನ್ನೂ ನೋಡಿ. ಹತ್ತು ಕೋಟಿ ಎಂದರೆ ನಮಗೆ ದೊಡ್ಡ ಸಂಖ್ಯೆ. ಒಂದು ಲಿವರಿನಲ್ಲಿರುವ ಕೋಶಗಳು ಹತ್ತು ಸಾವಿರ ಕೋಟಿಗೂ ಹೆಚ್ಚು. ಒಂದು ಸಲ ಏರಿಸಿದ್ದೆಲ್ಲವೂ ಲಿವರಿಗೇ ತಲುಪಿ, ಎಲ್ಲವೂ ಬದುಕಿದರೂ ಸಾವಿರಕ್ಕೆ ಒಂದು ಪಾಲೂ ಆಗುವುದಿಲ್ಲ.

ಮನುಷ್ಯರ ಮೇಲೆ ನಡೆದ ಪರೀಕ್ಷೆಗಳ ಫಲ ಏನು? ಕೆಲವು ಆಸೆ ಹುಟ್ಟಿಸಿವೆ. ದಕ್ಷಿಣ ಕೊರಿಯಾದಲ್ಲಿ ಕುಡಿತದಿಂದ ಸಿರೋಸಿಸ್ ಆದ 72 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅವರದೇ ಅಸ್ಥಿಮಜ್ಜೆಯ ಕೋಶ ಪಡೆದವರ ಲಿವರಿನಲ್ಲಿ ನಾರು ಕಡಿಮೆಯಾದದ್ದು, ಲಿವರಿನ ಸಣ್ಣ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಕಂಡಿತು. ಆದರೆ ನಾರು ಕಡಿಮೆಯಾಗುವುದಕ್ಕೂ ಆಯಸ್ಸು ಹೆಚ್ಚುವುದಕ್ಕೂ ನಡುವೆ ದೂರವಿದೆ. 2018ರಲ್ಲಿ ಬ್ರಿಟನ್ನಿನಿಂದ ಬಂದ ಪರೀಕ್ಷೆ ಕಟುವಾಗಿತ್ತು. 81 ಸಿರೋಸಿಸ್ ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ಚಿಕಿತ್ಸೆ, ಒಂದಕ್ಕೆ ಮಜ್ಜೆಯ ಕೋಶಗಳನ್ನು ರಕ್ತಕ್ಕೆ ಹೊರಡಿಸುವ ಜಿಸಿಎಸ್‌ಎಫ್ ಇಂಜೆಕ್ಷನ್, ಇನ್ನೊಂದಕ್ಕೆ ಆ ಇಂಜೆಕ್ಷನ್ ಜೊತೆಗೆ ಅವರದೇ ಸ್ಟೆಮ್ ಸೆಲ್ ಕೊಟ್ಟರು. ಲಿವರಿನ ಕೆಲಸ ಸುಧಾರಿಸಲಿಲ್ಲ, ನಾರು ಕರಗಲಿಲ್ಲ, ತೊಂದರೆಗಳು ಸ್ಟೆಮ್ ಸೆಲ್ ಪಡೆದವರಲ್ಲೇ ಹೆಚ್ಚಾಗಿ ಕಂಡವು. ಅದೇ ಜಿಸಿಎಸ್‌ಎಫ್‌ನ ಕಥೆ ನೋಡಿ: 2012ರಲ್ಲಿ ದೆಹಲಿಯ ವೈದ್ಯರು, ಲಿವರ್ ದಿಢೀರನೆ ಕೈಕೊಟ್ಟ 47 ರೋಗಿಗಳಲ್ಲಿ ಅದರಿಂದ ಹೆಚ್ಚು ಮಂದಿ ಬದುಕಿದರು ಎಂದು ವರದಿ ಮಾಡಿದಾಗ ನಾವೆಲ್ಲ ಹಿಗ್ಗಿದ್ದೆವು. 2021ರಲ್ಲಿ ಜರ್ಮನಿಯ ಹಲವು ಆಸ್ಪತ್ರೆಗಳು ಸೇರಿ 176 ಮಂದಿಯ ಮೇಲೆ ನೋಡಿದಾಗ ಪ್ರಯೋಜನ ಕಾಣಲಿಲ್ಲ. ದೆಹಲಿಯವರು ಸುಳ್ಳು ಹೇಳಿದರು ಎಂದಲ್ಲ. ಸಣ್ಣ ಪರೀಕ್ಷೆಯ ಆಸೆ ದೊಡ್ಡ ಪರೀಕ್ಷೆಯಲ್ಲಿ ಎಷ್ಟೋ ಸಲ ಕರಗುತ್ತದೆ. ನನ್ನ ಕೆಲಸದಲ್ಲೂ ಹೀಗೆ ಆಗಿದೆ, ಆಗ ಆಗುವ ನೋವು ನನಗೆ ಗೊತ್ತು.

ಎಡಿನ್‌ಬರೋದ ವೈದ್ಯರು ಬೇರೆ ದಾರಿ ಹಿಡಿದಿದ್ದಾರೆ. ರೋಗಿಯ ರಕ್ತದಿಂದಲೇ ಒಂದು ಬಗೆಯ ಬಿಳಿಕೋಶ ತೆಗೆದು, ವಾರದ ಮಟ್ಟಿಗೆ ಸಾಕಿ, ನಾರನ್ನು ತಿಂದು ಕರಗಿಸುವ ಮ್ಯಾಕ್ರೋಫೇಜ್‌ಗಳಾಗಿ ಮಾಡಿ ಹಿಂದಕ್ಕೆ ಕೊಡುತ್ತಾರೆ. ನನ್ನ ಮಟ್ಟಿಗೆ ಇದು ಬಸಿಗಾಲುವೆ ತೋಡುವ ಕೆಲಸ, ಅದಕ್ಕೇ ನನಗೆ ಇದರ ಮೇಲೆ ಹೆಚ್ಚು ಭರವಸೆ. ಅದೂ ಇನ್ನೂ ಪರೀಕ್ಷೆಯ ಹಂತದಲ್ಲೇ ಇದೆ.

ಈಗ ಆ ವಿಡಿಯೊಗಳಿಗೆ ಬರೋಣ. ಅವುಗಳಲ್ಲಿರುವವರು ನಟರೇ ಆಗಿರಬೇಕೆಂದಿಲ್ಲ, ನಿಜವಾಗಿ ಗುಣಕಂಡವರೇ ಇರಬಹುದು. ಆರು ಲಕ್ಷ ಕೊಟ್ಟು ಬಂದವನು ಕುಡಿತ ಬಿಡುತ್ತಾನೆ, ಉಪ್ಪು ಬಿಡುತ್ತಾನೆ, ಮಾತ್ರೆ ತಪ್ಪಿಸುವುದಿಲ್ಲ. ನಾಲ್ಕು ತಿಂಗಳಲ್ಲಿ ಬಿಲಿರುಬಿನ್ ಇಳಿಯುತ್ತದೆ. ನಿಮ್ಮ ತಂದೆಗೆ ಆದದ್ದೂ ಅದೇ ತಾನೇ? ಐದು ತಿಂಗಳ ಹಿಂದೆ ಆ ಏಜೆಂಟ್ ನಿಮ್ಮ ಮನೆಗೆ ಬಂದು ನೀವು ಹಣ ಕಟ್ಟಿದ್ದರೆ, 21ರಿಂದ 16ಕ್ಕೆ ಇಳಿದ ಅಂಕವನ್ನು ಕೈಯಲ್ಲಿ ಹಿಡಿದು ಇವತ್ತು ನಿಮ್ಮ ತಂದೆಯೇ ಮುಂದಿನ ವಿಡಿಯೊದಲ್ಲಿ ಕೂತಿರುತ್ತಿದ್ದರು, ಅದೂ ಮನಃಪೂರ್ವಕವಾಗಿ. ಚಿಕಿತ್ಸೆ ಪಡೆಯದ ಇನ್ನೊಂದು ಗುಂಪಿನ ಜೊತೆ ಹೋಲಿಸದೆ ಯಾವ ಔಷಧವನ್ನೂ ನಂಬಬಾರದು ಎಂದು ನಾವು ಹಟ ಹಿಡಿಯುವುದು ಇದಕ್ಕೇ.

ಕಾನೂನಿನ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾದಂಥ ರೋಗಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆಗಳನ್ನು ಬಿಟ್ಟು ಉಳಿದ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪರೀಕ್ಷೆಯೊಳಗೆ ಮಾತ್ರ ನಡೆಯಬೇಕು. ಸಿರೋಸಿಸ್ ಆ ಒಪ್ಪಿತ ಪಟ್ಟಿಯಲ್ಲಿಲ್ಲ. ‘ನಮ್ಮದೂ ಪರೀಕ್ಷೆಯೇ’ ಎಂದು ಏಜೆಂಟ್ ಹೇಳಿದರೆ, ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಕೊಡಿ ಎನ್ನಿ. 2009ರ ಜೂನ್ 15ರಿಂದ ದೇಶದ ಪ್ರತಿ ಔಷಧ ಪರೀಕ್ಷೆಗೂ ಆ ನೋಂದಣಿ ಕಡ್ಡಾಯ. ಮೊಬೈಲಿನಲ್ಲೇ ಯಾರು ಬೇಕಾದರೂ ಹುಡುಕಬಹುದು. ಪರೀಕ್ಷೆಯಲ್ಲಿ ರೋಗಿಗಳಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ನೀತಿ ಸಮಿತಿಯ ಒಪ್ಪಿಗೆ ಪತ್ರ ಕೇಳಿ. ನಿಮಗೆ ಅರ್ಥವಾಗುವ ಕನ್ನಡದಲ್ಲಿ ಬರೆದ ಸಮ್ಮತಿ ಪತ್ರ ಕೇಳಿ. ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು ಎಂದು ಬರವಣಿಗೆಯಲ್ಲಿ ಕೇಳಿ. 2019ರ ನಿಯಮಗಳ ಪ್ರಕಾರ ಅದು ಪರೀಕ್ಷೆ ನಡೆಸುವವರದು. ಇವೆಲ್ಲಕ್ಕಿಂತ ಸುಲಭದ ಗುರುತು ಇನ್ನೊಂದಿದೆ: ನಿಜವಾದ ಪರೀಕ್ಷೆಯಲ್ಲಿ ಪರೀಕ್ಷಿಸುವ ಔಷಧಕ್ಕೆ ರೋಗಿಯಿಂದ ಹಣ ಪಡೆಯುವುದಿಲ್ಲ. ಆರೂವರೆ ಲಕ್ಷ ಕೇಳಿದ ಕ್ಷಣವೇ ಅದು ವ್ಯಾಪಾರವಾಯಿತು.

‘ಉಪಯೋಗವಾಗದಿದ್ದರೂ ಕೆಡುಕಾಗುವುದಿಲ್ಲವಲ್ಲ’ ಎಂದು ಕೆಲವರು ನಿಮಗೆ ಹೇಳುತ್ತಾರೆ. ಕೆಡುಕಾಗುತ್ತದೆ. ಸಿರೋಸಿಸ್ ಇರುವವರ ರೋಗನಿರೋಧಕ ಶಕ್ತಿ ಕುಂದಿರುತ್ತದೆ. ಸ್ವಚ್ಛತೆ ತಪ್ಪಿದ ಒಂದು ಬಾಟಲಿಯಿಂದ ರಕ್ತವೆಲ್ಲ ನಂಜಾಗಬಹುದು. ಗುಂಪುಗೂಡಿದ ಕೋಶಗಳು ಶ್ವಾಸಕೋಶದ ನಾಳವನ್ನು ಕಟ್ಟಬಹುದು. ಪಾರ್ಶ್ವವಾಯುವಿಗೆಂದು ಮೂರು ದೇಶಗಳಲ್ಲಿ ಸ್ಟೆಮ್ ಸೆಲ್ ಚುಚ್ಚಿಸಿಕೊಂಡ ಅಮೆರಿಕದ ರೋಗಿಯೊಬ್ಬರ ಬೆನ್ನುಹುರಿಯಲ್ಲಿ ಬೇರೆಯವರ ಕೋಶಗಳಿಂದಲೇ ಗಡ್ಡೆ ಬೆಳೆದದ್ದು 2016ರಲ್ಲಿ ವರದಿಯಾಗಿದೆ. ಮಾನ್ವಿ ಕಡೆಯ ದಂಪತಿ ಒಮ್ಮೆ ನನ್ನ ಬಳಿ ಬಂದಿದ್ದರು. ಅವರೂ ಎಲ್ಲೋ ಹೋಗಿ ಹಾಕಿಸಿಕೊಂಡಿದ್ದರು. ಚೀಲದಿಂದ ಬಿಲ್ಲನ್ನು ತೆಗೆದು ಮಡಿಕೆ ಬಿಡಿಸಿ ನನ್ನ ಮೇಜಿನ ಮೇಲೆ ಇಟ್ಟರು. ‘ಪ್ರಕ್ರಿಯೆ ಶುಲ್ಕ’ ಎಂದಷ್ಟೇ ಬರೆದಿತ್ತು. ಯಾವ ಕೋಶ, ಎಷ್ಟು, ಎಲ್ಲಿ ಬೆಳೆಸಿದ್ದು, ಒಂದಕ್ಷರವಿಲ್ಲ. ಆ ಆರು ತಿಂಗಳಲ್ಲಿ ಅವರು ಎರಡನೆಯ ಸಲದ ಬ್ಯಾಂಡಿಂಗ್ ತಪ್ಪಿಸಿದ್ದರು, ಹೊಸ ಚಿಕಿತ್ಸೆ ಆಗಿದೆಯಲ್ಲ ಎಂಬ ಧೈರ್ಯದಿಂದ. ಮತ್ತೆ ರಕ್ತ ಕಕ್ಕಿದ ಮೇಲೆ ಬಂದರು. ನನಗೆ ಹೆಚ್ಚು ಹೆದರಿಕೆ ಇರುವುದು ಈ ಬಗೆಯ ನಷ್ಟದ ಬಗ್ಗೆ.

ಹಾಗಾದರೆ ನಿಮ್ಮ ಮುಂದೆ ಏನಿದೆ? ಮೊದಲು ಫೋಟೊಗಳಲ್ಲಿ ಇಲ್ಲದ ಒಂದು ಕಾಗದದ ಮಾತು. ಹದಿನಾಲ್ಕರಲ್ಲಿ ಎಲ್ಲಿಯೂ, ರಕ್ತದ ಮೂಲಕ ಹರಡಿ ಲಿವರನ್ನು ಕೆಡಿಸುವ ವೈರಸ್‌ಗಳಾದ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯ ಫಲ ನನಗೆ ಸಿಗಲಿಲ್ಲ. ಮಾಡಿಸಿದ್ದರೆ ಆ ಕಾಗದ ಹುಡುಕಿ, ಇಲ್ಲವಾದರೆ ಈ ವಾರವೇ ಮಾಡಿಸಿ. ಕುಡಿಯುವ ಮನುಷ್ಯ ಎಂದು ಗೊತ್ತಾದ ಮೇಲೆ ಬೇರೆ ಕಾರಣ ಹುಡುಕುವುದು ಎಷ್ಟೋ ಕಡೆ ನಿಂತುಹೋಗುತ್ತದೆ. ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಇಂಜೆಕ್ಷನ್ ಕೊಡುತ್ತಿದ್ದವರು ಅಲ್ಯುಮಿನಿಯಂ ಡಬ್ಬಿಯಲ್ಲಿ ಒಂದೇ ಸೂಜಿಯನ್ನು ಒಂದು ಕುದಿ ಕುದಿಸಿ ಸಾಲಾಗಿ ಹತ್ತು ಜನಕ್ಕೆ ಚುಚ್ಚುತ್ತಿದ್ದರು. ನಿಮ್ಮ ತಂದೆ ಆ ಕಾಲದವರು. ಹೆಪಟೈಟಿಸ್ ಬಿ ಇದ್ದರೆ ದಿನಕ್ಕೊಂದು ಟೆನೊಫೋವಿರ್ ಮಾತ್ರೆ ವೈರಸ್ಸನ್ನು ಅಡಗಿಸುತ್ತದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಪಟೈಟಿಸ್ ಬಿಯಿಂದ ಸಿರೋಸಿಸ್ ಆಗಿದ್ದ 96 ಮಂದಿ ಐದು ವರ್ಷ ಆ ಮಾತ್ರೆ ತೆಗೆದುಕೊಂಡ ಮೇಲೆ ಬಯಾಪ್ಸಿ ಮಾಡಿದಾಗ 71 ಮಂದಿಯಲ್ಲಿ ಸಿರೋಸಿಸ್ ಉಳಿದಿರಲಿಲ್ಲ. ಅವರ ರೋಗ ನಿಮ್ಮ ತಂದೆಯದಷ್ಟು ಮುಂದುವರಿದಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ನೆಲದ ಉಪ್ಪು ತೊಳೆದುಹೋಗಬಲ್ಲದು ಎಂಬುದಕ್ಕೆ ಇಷ್ಟು ಗಟ್ಟಿಯಾದ ಸಾಕ್ಷಿ ಯಾವ ಸ್ಟೆಮ್ ಸೆಲ್ಲಿಗೂ ಇಲ್ಲ. ಹೆಪಟೈಟಿಸ್ ಸಿ ಆದರೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಗೆ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಯಲ್ಲಿ ವೈರಸ್ಸೇ ಹೋಗುತ್ತದೆ; ಸಿರೋಸಿಸ್ ಮುಂದುವರಿದಿದ್ದರೆ ಅವಧಿ ಹೆಚ್ಚಾಗಬಹುದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇವೆರಡರ ಪರೀಕ್ಷೆಯೂ ಔಷಧವೂ ಉಚಿತ. ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಕುಡಿತ ಬಿಟ್ಟದ್ದು ನಿಮ್ಮ ಮನೆಯ ದೊಡ್ಡ ಗೆಲುವು, ಅದನ್ನು ಕಾಯಬೇಕು. ಸುಗ್ಗಿಯ ಹಣ ಕೈಗೆ ಬಂದಾಗ, ಜಾತ್ರೆಯಲ್ಲಿ, ಹಳೆಯ ಗೆಳೆಯರ ಮನೆಯ ಮದುವೆಯಲ್ಲಿ ಕಾಲು ಜಾರುತ್ತದೆ. ಮನಸ್ಸು ತಡೆಯದಿದ್ದರೆ 14416ಕ್ಕೆ ಕರೆ ಮಾಡಿ, ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೇ ಮಾತನಾಡಬಹುದು. ಒಂದು ಎಚ್ಚರಿಕೆ: ‘ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ’ ಎಂದು ಕೊಡುವ ಕುಡಿತ ಬಿಡಿಸುವ ಪುಡಿ, ಮಾತ್ರೆಗಳನ್ನು ಮನೆಯೊಳಗೆ ತರಬೇಡಿ. ಅವುಗಳಲ್ಲಿ ಹೆಚ್ಚಾಗಿ ಇರುವ ಡೈಸಲ್ಫಿರಾಮ್ ಲಿವರಿಗೇ ಪೆಟ್ಟು ಕೊಡಬಲ್ಲದು. ಸಿರೋಸಿಸ್ ಇರುವವರಿಗೆ ಜೀವಕ್ಕೇ ಅಪಾಯ.

ಬ್ಯಾಂಡಿಂಗ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಉಬ್ಬಿದ ನಾಳಗಳು ಕಾಣದಾಗುವವರೆಗೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮಾಡುತ್ತಾರೆ. ನಿಮ್ಮಲ್ಲಿ ಒಂದೇ ಸಲದ ಚೀಟಿ ಇದೆ. ಕೂಡಲೇ ಬಳ್ಳಾರಿಯ ವೈದ್ಯರಿಗೆ ತೋರಿಸಿ, ನನ್ನ ಮಟ್ಟಿಗೆ ಇದು ಹೆಪಟೈಟಿಸ್ ಪರೀಕ್ಷೆಯಷ್ಟೇ ತುರ್ತು. ಜ್ವರ, ಹೊಟ್ಟೆನೋವು ಬಂದರೆ ಹೊಟ್ಟೆಯ ನೀರಿಗೆ ಸೋಂಕು ತಗುಲಿರಬಹುದು. ಹಗಲು ನಿದ್ದೆ, ರಾತ್ರಿ ಎಚ್ಚರ, ತಡವರಿಸುವ ಮಾತು ಕಂಡರೆ ಮೆದುಳಿಗೆ ನಂಜೇರುತ್ತಿದೆ ಎಂದು ಅರ್ಥ. ಮಲ ಕಪ್ಪಗೆ ಡಾಂಬರಿನಂತಾದರೆ ಒಳಗೆ ರಕ್ತ ಸೋರುತ್ತಿದೆ. ಈ ಮೂರರಲ್ಲಿ ಯಾವುದಾದರೂ ಬೆಳಗಿನವರೆಗೆ ಕಾಯುವಂಥದ್ದಲ್ಲ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮತ್ತು ಆಲ್ಫಾ ಫೀಟೊಪ್ರೋಟೀನ್ ಪರೀಕ್ಷೆ ಬೇಕು. ನನ್ನ ತಟ್ಟೆಯ ಎಳೆಯ ಕೋಶಗಳು ಮಾಡುವ ಅದೇ ಪ್ರೋಟೀನ್ ದೊಡ್ಡವರ ರಕ್ತದಲ್ಲಿ ಏರಿದರೆ ಲಿವರ್ ಕ್ಯಾನ್ಸರಿನ ಅನುಮಾನ ಬರುತ್ತದೆ.

ಊಟದ ವಿಷಯದಲ್ಲಿ ನಿಮ್ಮ ಕಡೆ ಬಲವಾದ ತಪ್ಪು ನಂಬಿಕೆಯಿದೆ. ಲಿವರ್ ಕೆಟ್ಟವರಿಗೆ ಬರೀ ಗಂಜಿ, ಬೇಳೆ ಮೊಟ್ಟೆ ಏನೂ ಬೇಡ ಎನ್ನುತ್ತಾರೆ. ಅದರಿಂದ ಸ್ನಾಯು ಕರಗಿ ರೋಗಿ ಇನ್ನಷ್ಟು ಕುಸಿಯುತ್ತಾನೆ. ಅವರ ತೂಕಕ್ಕೆ ದಿನಕ್ಕೆ ಸುಮಾರು 70ರಿಂದ 85 ಗ್ರಾಂ ಪ್ರೋಟೀನ್ ಬೇಕು. ಜೋಳದ ರೊಟ್ಟಿ, ಹೆಸರುಕಾಳು, ಮೊಸರು, ಮೊಟ್ಟೆ, ಉಪ್ಪು ಹಾಕದ ಶೇಂಗಾ, ಎಲ್ಲವೂ ಆಗಬಹುದು. ಮಲಗುವ ಮುಂಚೆ ಒಂದು ರೊಟ್ಟಿಯನ್ನೋ ಒಂದು ಲೋಟ ಹಾಲನ್ನೋ ತಪ್ಪದೆ ಕೊಡಿ, ಈ ಲಿವರ್ ರಾತ್ರಿಯ ಉಪವಾಸವನ್ನು ತಾಳುವುದಿಲ್ಲ. ಬಿಡಬೇಕಾದದ್ದು ಉಪ್ಪು: ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಬಜಿ. ಮೈಕೈ ನೋವಿಗೆ ಅಂಗಡಿಯ ನೋವಿನ ಮಾತ್ರೆ ಬೇಡವೇ ಬೇಡ.

ಬೇರಿನ ಔಷಧ ಯಾವುದೆಂದು ನೀವು ಬರೆದಿಲ್ಲ. ನೆಲನೆಲ್ಲಿಯಾಗಿದ್ದರೆ ಅದಕ್ಕೊಂದು ಚರಿತ್ರೆಯಿದೆ. 1988ರಲ್ಲಿ ಮದ್ರಾಸಿನ ವಿಜ್ಞಾನಿಗಳು, ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲೂಂಬರ್ಗ್ ಅವರ ಜೊತೆ ಸೇರಿ ಆ ಗಿಡವನ್ನು ಪರೀಕ್ಷಿಸಿ ಆಶಾದಾಯಕ ಫಲ ಪ್ರಕಟಿಸಿದ್ದರು. ಆಮೇಲಿನ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ನಮ್ಮ ಗಿಡಮೂಲಿಕೆಗಳನ್ನು ನಾನು ಹೀಗಳೆಯುವವನಲ್ಲ. ಆದರೆ ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿದು ಲಿವರ್ ಉರಿಯೂತಕ್ಕೆ ಒಳಗಾದವರ ವರದಿ ನಮ್ಮ ದೇಶದ ಹಲವು ಆಸ್ಪತ್ರೆಗಳಿಂದ ಬಂದಿದೆ. ಅಂಕ 16ರಲ್ಲಿರುವ ಲಿವರಿಗೆ ಅಂಥ ಒಂದು ಪೆಟ್ಟು ತಾಳುವ ಶಕ್ತಿಯಿಲ್ಲ. ಕೊಡುವವರ ಮನಸ್ಸು ನೋಯಿಸದೆ ನಿಲ್ಲಿಸಿ.

ಕೊನೆಗೆ ಕಸಿ ಮತ್ತು ನಿಮ್ಮ ತಾಯಿಯವರ ಭಯ. ಕಸಿಯೇ ಸದ್ಯಕ್ಕೆ ಸಿರೋಸಿಸ್‌ಗೆ ಸಾಬೀತಾದ ಹೊಸ ಲಿವರ್. ಒಳ್ಳೆಯ ಕೇಂದ್ರಗಳಲ್ಲಿ ನೂರರಲ್ಲಿ 85ರಿಂದ 90 ಮಂದಿ ಒಂದು ವರ್ಷ ದಾಟುತ್ತಾರೆ. ಜೀವನಪರ್ಯಂತ ಮಾತ್ರೆ ನುಂಗಬೇಕು, ಸೋಂಕಿನ ಭಯ ಇದ್ದೇ ಇರುತ್ತದೆ. ದಾನಿಯಿಂದ ತೆಗೆಯುವ ಬಲಭಾಗ ಲಿವರಿನ ಸುಮಾರು 60 ಶೇಕಡ. ದಾನಿಯಲ್ಲಿ ಉಳಿದ ಭಾಗ ಎರಡು ಮೂರು ತಿಂಗಳಲ್ಲಿ ಬಹುಮಟ್ಟಿಗೆ ಬೆಳೆದುಕೊಳ್ಳುತ್ತದೆ. ಆದರೆ ಬಲಭಾಗ ಕೊಟ್ಟ ದಾನಿಗಳಲ್ಲಿ ಸಾವಿರಕ್ಕೆ ಎರಡರಿಂದ ಐದು ಮಂದಿ ಸಾಯುತ್ತಾರೆ ಎಂಬುದು ಜಗತ್ತಿನ ಅನುಭವ. ಪಿತ್ತ ಸೋರುವುದು, ಸೋಂಕು, ಹರ್ನಿಯಾ ಇನ್ನೂ ಹೆಚ್ಚು ಮಂದಿಗೆ ಆಗುತ್ತವೆ. ನಿಮ್ಮ ತಾಯಿಯ ಭಯ ಅಜ್ಞಾನವಲ್ಲ. ‘ಏನೂ ಆಗುವುದಿಲ್ಲಮ್ಮ’ ಎಂದು ಅವರಿಗೆ ಹೇಳಬೇಡಿ. ಅವರನ್ನೂ ಕರೆದುಕೊಂಡು ಹೋಗಿ ಕಸಿ ವೈದ್ಯರ ಎದುರು ಕೂರಿಸಿ, ಆ ಅಂಕಿಗಳನ್ನು ಅವರೇ ಕೇಳಲಿ. ಇವತ್ತೇ ತೀರ್ಮಾನಿಸುವ ಅಗತ್ಯವಿಲ್ಲ. ಅಂಕ ಇಳಿಯುತ್ತಿರುವಾಗ ತಜ್ಞರು ಸಾಮಾನ್ಯವಾಗಿ ಕಾದು ನೋಡುತ್ತಾರೆ. ಕೆಲವರು ಕಸಿ ಪಟ್ಟಿಯಿಂದಲೇ ಹೊರಬರುವಷ್ಟು ಸುಧಾರಿಸಿದ್ದನ್ನು ಕಂಡಿದ್ದೇನೆ.

ಅಷ್ಟರಲ್ಲಿ ಮಾಡಬಹುದಾದದ್ದು ಎರಡು. ಮೆದುಳು ನಿಷ್ಕ್ರಿಯವಾದವರ ಅಂಗಗಳನ್ನು ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆ. ಕಸಿ ಮಾಡುವ ಆಸ್ಪತ್ರೆಯ ಮೂಲಕ ಅಲ್ಲಿ ತಂದೆಯ ಹೆಸರು ಬರೆಸುವ ಬಗ್ಗೆ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ಕಸಿಗೆ ಸಿಗುವ ನೆರವನ್ನು ವಿಚಾರಿಸಿ. ಎಕರೆ ಮಾರುವ ಮಾತು ಅದೆಲ್ಲ ಆದ ಮೇಲಿನದು.

ಹೆಪಟೈಟಿಸ್ ವರದಿ ಬಂದ ದಿನ ನನಗೆ ಬರೆಯಿರಿ. ಬಿ ಇದೆ ಎಂದಾದರೆ ನಿಮ್ಮ ರಕ್ತ, ತಾಯಿಯ ರಕ್ತ, ಒಡಹುಟ್ಟಿದವರ ರಕ್ತ ಎಲ್ಲವನ್ನೂ ನೋಡಬೇಕಾಗುತ್ತದೆ; ಸೋಂಕಿಲ್ಲದವರಿಗೆ ಆರು ತಿಂಗಳಲ್ಲಿ ಮೂರು ಸಲ ಲಸಿಕೆ ಹಾಕಿಸಿದರೆ ಸಾಕು. ನಿಮ್ಮಲ್ಲೇ ಅದು ಇದ್ದರೆ ದಾನಿಯಾಗುವ ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಕೊಪ್ಪಳಕ್ಕೆ ಹೋಗುವ ದಿನ ತಾಯಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಮೂವರೂ ಒಂದೇ ಸಲ ರಕ್ತ ಕೊಟ್ಟು ಬನ್ನಿ.